ಕೂತವರ ಖಾತೆ

ಬ್ಯಾಡಗಿ ಪ್ಯಾಟ್ಯಾಗ ಹತ್ತೊಂಬತ್ತು ವರ್ಷ
ಮೆಣಸಿನಕಾಯಿ ಲೆಕ್ಕ ಬರದ ಕೈ ಇದು.
ಡಬ್ಬಿ ಎಷ್ಟು, ಕಡ್ಡಿ ಎಷ್ಟು, ತೇವಕ್ಕಂತ ಕಳಿಯೂದೆಷ್ಟು,
ಹಮಾಲಿ, ಧರ್ಮದ ಪೈಸಾ—
ಸೀನು ಬಂದರೂ ಅಂಕಿ ತಪ್ಪಿಲ್ಲ.

ಬಾಳಂಬೀಡ ಸಾವಕಾರ್ರು ದಿಲ್ಲಿಗೆ ಹಾರತಿದ್ರು,
ಹುಬ್ಬಳ್ಳಿಯಿಂದ, ತಿಂಗಳಿಗೆ ಎರಡು ಸಲ.
ಟಿಕೀಟು ತಗಸಾಂವ ನಾನು.
ಅವರ ಮೆಂಬರ್ ನಂಬರು ನನಗ ಬಾಯಿಪಾಠ,
ಅವರಿಗಿಲ್ಲ.

ಮೊದಮೊದಲು 'ಮೈಲಿಗೆ ಇಷ್ಟು' ಅಂತ ಇತ್ತು.
ಗಟ್ಟಿಯಾಗಿ ಓದಿದರ ಅಡಗಿಮನಿಯಿಂದ ಚಿಗವ್ವ:
"ಮುಂಜಾನೆದ್ದು ಎಂಥಾ ಮೈಲಿಗೆಯೋ?"
ಆಮ್ಯಾಲ ಕಂಪನಿಯವರು ದಾರಿ ಅಳಿಯೂದ ಬಿಟ್ಟರು,
ರೊಕ್ಕ ಅಳದರು.
ನೂರು ರೂಪಾಯಿಗೆ ಆರು ಪಾಯಿಂಟು,
ಬೆಳ್ಳಿ ಕಾರ್ಡಿಗೆ ಏಳು, ಬಂಗಾರಕ್ಕ ಎಂಟು.
ಅದ ಮೋಡ, ಅದ ಆರಿದ ಚಹಾ,
ಕಟ್ಟಕಡಿಗೆ ತುಟ್ಟಿ ಟಿಕೀಟು ತಗೊಂಡಾಂವಗ ಹೆಚ್ಚು,
ತಿಂಗಳ ಮೊದಲ ತಗಸಿದಾಂವಗ ಕಡಿಮಿ.
ಎಚ್ಚರಿದ್ದದ್ದಕ್ಕ ದಂಡ ಹಾಕೂ ಲೆಕ್ಕ
ನಾ ಪ್ಯಾಟ್ಯಾಗೂ ಕಂಡಿರಲಿಲ್ಲ.

ಒಂದ ಸಲ, ದೇವರಾಣಿ ಒಂದ ಸಲ,
ನನ್ನ ಹೆಸರಿಲೆ ಖಾತೆ ತಗದು
ಅವರ ಟಿಕೀಟಿಗೆ ನನ್ನ ನಂಬರು ಹಚ್ಚಿ ನೋಡಿದೆ.
ಹೆಸರು ಕೂಡೂದಿಲ್ಲ ಅಂತ ತಿರುಗಿ ಬಂತು.
ಪಾಯಿಂಟು ಕೂತ ಮೈಗೆ.
ರೊಕ್ಕ ಕೊಟ್ಟ ಪೇಢಿಗಲ್ಲ,
ಕೀಲಿ ಒತ್ತಿದ ಬೆರಳಿಗಲ್ಲ.

ಹೋದ ಮಾರ್ಚಿಗೆ ಅವರ ಖಾತೆದಾಗ
ಮೂವತ್ತೆಂಟು ಸಾವಿರ ಸಾಯೂದಿತ್ತು.
ತಾರೀಖು ಹೇಳಿದೆ.
ಕನ್ನಡಕ ಒರಸಿಕೋತ ಅಂದ್ರು:
"ಹೆಂಗೂ ಸಾಯೂವು ಅದಾವಲ್ಲ, ನೀ ಹೋಗಿ ಬಾ."

ಪುಕ್ಕಟೆ ಅಂದರೂ ತೆರಿಗಿ, ಫೀ,
ಸಾವಿರದಾ ನೂರಾ ಎಂಬತ್ತು, ನನ್ನ ಕಿಸೆದಿಂದ.
ಗೋಕುಲ ರೋಡಿನ್ಯಾಗ ಆಟೋದಾಂವ ಕೇಳಿದ,
"ಯಾರನ್ನ ಕಳಸಾಕ ಹೊಂಟೀರಿ?"
"ನನ್ನ" ಅಂದೆ.

ಕಿಟಕಿ.
ಉಣಕಲ್ಲ ಕೆರಿ ಚಂಬಿನ ಬಾಯಷ್ಟಾತು.
ಬ್ಯಾಡಗಿ ಯಾವ ದಿಕ್ಕಿಗೆ ಅಂತ ಹುಡುಕಿದೆ,
ಒಣಹಾಕಿದ ಕೆಂಪರ ಕಂಡೀತೇನೋ.
ರೆಕ್ಕಿ ಅಡ್ಡ ಬಂತು.
ಬಾಜೂ ಸೀಟಿನಾಕಿ ಸೀನಿದಳು,
ಒಮ್ಮೆ, ಮತ್ತೊಮ್ಮೆ.
ಒಗದ ಅಂಗೀನ ಹಾಕ್ಕೊಂಡಿದ್ದೆ.
ಘಾಟು ಅಂಗ್ಯಾಗ ಇರಲಿಲ್ಲ ಕಾಣತೈತಿ.

ಇಳದಮ್ಯಾಲ ಖಾತೆ ತಗದು ನೋಡಿದೆ,
ಚಾಳಿ ಬಿಡಬೇಕಲ್ಲ.
ಪಾಯಿಂಟಿನಿಂದ ಹಾರಿದ್ದಕ್ಕ ಪಾಯಿಂಟಿಲ್ಲವಂತ.
ಗಳಿಕೆ: ಸೊನ್ನೆ.
ಪ್ರಯಾಣಿಕರು: ಹಾದಿಮನಿ ಫಕ್ಕೀರಪ್ಪ.
ಎರಡು ಸಲ ಓದಿದೆ.
ಅಕ್ಷರ ಒಂದೂ ತಪ್ಪಿರಲಿಲ್ಲ.