ರೋಸೋ ಬಂದರಿನಲ್ಲಿ ಅರ್ನೆಸ್ಟೀನ್

ಕುಳಿತುಕೊಳ್ಳಿ, ಆ ಡಬ್ಬಿಯ ಮೇಲೆ. ಗಟ್ಟಿಯಿದೆ.
ಮೊದಲ ಸಲವಲ್ಲವೇ? ಗೊತ್ತಾಯಿತು.
ಕೊರಳಲ್ಲಿ ಕೋಣೆಯ ಕಾರ್ಡು, ಮೂಗಿನ ಮೇಲೆ ಬಿಳಿ ಕ್ರೀಮು,
ಚೀಲದಲ್ಲಿ ಬೆಳಗಿನ ಬಫೆಯಿಂದ ಎತ್ತಿಕೊಂಡ ಸೇಬು.
ಹಣ್ಣನ್ನು ದಡಕ್ಕೆ ತರುವ ಹಾಗಿಲ್ಲ,
ಗೇಟಿನ ಜೊಸೆಫಾ ಇವತ್ತು ತೂಕಡಿಸುತ್ತಿದ್ದಳೇ?
ತಿಂದುಬಿಡಿ, ಬೀಜ ನನಗೆ ಕೊಡಿ, ಒಲೆಗೆ ಹಾಕುತ್ತೇನೆ.
ನಮ್ಮ ಮಣ್ಣಿಗೆ ಹೊರಗಿನ ಹುಳ ಬೇಡ.

ಆರು ವರ್ಷ ಅಂಥದೇ ಹಡಗಿನ ಹೊಟ್ಟೆಯಲ್ಲಿದ್ದೆ,
ನೀರಿಗಿಂತ ಕೆಳಗೆ, ಕಿಟಕಿಯಿಲ್ಲ.
ಬೆಳಗಿನ ಮೂರಕ್ಕೆ ಎದ್ದು ಅನಾನಸು ಹೆಚ್ಚುತ್ತಿದ್ದೆ.
ಅಂಗೈ ನೋಡಿ, ರೇಖೆಗಳೆಲ್ಲ ಹುಳಿಗೆ ಅಳಿಸಿಹೋಗಿವೆ,
ಭವಿಷ್ಯ ಹೇಳುವವರು ತಬ್ಬಿಬ್ಬಾಗುತ್ತಾರೆ.

ಅದಕ್ಕೇ ಹೇಳುವುದು,
ಮೊದಲ ದಿನವೇ ತಟ್ಟೆಯಲ್ಲಿ ಗುಡ್ಡ ಕಟ್ಟಬೇಡಿ.
ಒಂದು ಸುತ್ತು ಬರಿಗೈಯಲ್ಲಿ ನಡೆಯಿರಿ,
ಸಂತೆಯಲ್ಲಿ ಬರೀ ಬೆಲೆ ಕೇಳುವವರ ಹಾಗೆ.
ಸೀಗಡಿ ಎಲ್ಲಿಗೂ ಓಡುವುದಿಲ್ಲ. ನಾಳೆಯೂ ಇರುತ್ತದೆ,
ನಾಡಿದ್ದು ಅದೇ ಸೀಗಡಿ ಸೂಪಿನೊಳಗಿರುತ್ತದೆ.
ನಾನು ಹೇಳಿದೆನೆಂದು ಹೇಳಬೇಡಿ.

ಜನವೆಲ್ಲ ಮೇಲಿನ ಅಂತಸ್ತಿಗೆ ನುಗ್ಗುವಾಗ
ನೀವು ಕೆಳಗಿನ ಊಟದ ಕೋಣೆಗೆ ಹೋಗಿ,
ಬಡಿಸುವವನ ಹೆಸರು ಕೇಳಿ.
ಎದೆಯ ಮೇಲೇ ಬರೆದಿರುತ್ತದೆ, ಆದರೂ ಕೇಳಿ.
ಮಾರನೆಯ ದಿನ ನಿಮ್ಮ ಕಾಫಿ
ನಿಮಗಿಂತ ಮೊದಲೇ ಮೇಜಿಗೆ ಬಂದು ಕಾಯುತ್ತದೆ.
ಕೈ ತೊಳೆಯಿರಿ. ಬಾಗಿಲಲ್ಲಿ ಚಿಮುಕಿಸುತ್ತಾರಲ್ಲ, ಅದು ಸಾಲದು, ಸೋಪು ಹಚ್ಚಿ.
ಒಂದು ಹೊಟ್ಟೆ ಕೆಟ್ಟರೆ ಮುನ್ನೂರು ಹೊಟ್ಟೆ ಕೆಡುತ್ತವೆ,
ಆಮೇಲೆ ಒಂದು ವಾರ ಕ್ಲೋರಿನ್ ಉಸಿರಾಡುವವರು ನಾವು.
ಊಟ ಬಲ್ಲವನಿಗೆ ರೋಗವಿಲ್ಲ, ಸರಿಯೇ,
ಆದರೆ ನಡುರಾತ್ರಿಯ ಚಾಕೊಲೇಟು ಕಾರಂಜಿಯ ಮುಂದೆ
ಬಲ್ಲವರೊಬ್ಬರನ್ನೂ ನಾನು ಕಾಣಲಿಲ್ಲ.

ಜಲಪಾತಕ್ಕೆ ಹಡಗಿನವರು ತೊಂಬತ್ತು ಡಾಲರ್ ಕೇಳಿದರೇ?
ಅಗೋ ಆ ಹಳದಿ ವ್ಯಾನು, ಕತ್‌ಬರ್ಟನದು.
ಇಪ್ಪತ್ತಕ್ಕೆ ಕರೆದೊಯ್ಯುತ್ತಾನೆ,
ದಾರಿಯುದ್ದಕ್ಕೂ ತನ್ನ ಡೈವೋರ್ಸಿನ ಕಥೆ ಹೇಳುತ್ತಾನೆ,
ಅದಕ್ಕೆ ಬೇರೆ ದುಡ್ಡಿಲ್ಲ.
ಆದರೆ ಹಡಗಿನ ಬಸ್ಸು ತಡವಾದರೆ ಹಡಗು ಕಾಯುತ್ತದೆ.
ಕತ್‌ಬರ್ಟ್ ತಡವಾದರೆ ಕಾಯುವುದಿಲ್ಲ.
ಎಪ್ಪತ್ತು ಡಾಲರಿನ ವ್ಯತ್ಯಾಸ ಅಷ್ಟೇ.

ಗಡಿಯಾರ ತೋರಿಸಿ. ಫೋನು ಬೇಡ,
ಅದು ಟವರು ಕಂಡಲ್ಲೆಲ್ಲ ಮಾತು ಬದಲಿಸುತ್ತದೆ.
ಇವತ್ತು ಹಡಗಿನ ಗಂಟೆ ಬೇರೆ, ದ್ವೀಪದ ಗಂಟೆ ಬೇರೆ.

ನನಗದು ಗೊತ್ತಿರಲಿಲ್ಲವೆಂದಲ್ಲ.
ಒಂದು ಮಂಗಳವಾರ ಹಡಗು ಇದೇ ಧಕ್ಕೆಗೆ ಬಂತು,
ನನಗೆ ಎರಡು ಗಂಟೆ ಬಿಡುವು.
ಅಮ್ಮ ಆ ಗುಡ್ಡದಲ್ಲಿ, ನೀಲಿ ತಗಡು ಕಾಣುತ್ತದಲ್ಲ, ಅದರ ಹಿಂದೆ,
ಇಡೀ ಜೀಗುಜ್ಜೆಯನ್ನು ಕೆಂಡದ ಮೇಲಿಟ್ಟಿದ್ದಳು.
ಸಿಪ್ಪೆ ಪೂರಾ ಕರ್ರಗಾಗುವ ತನಕ ತೆಗೆಯಬಾರದು.
ನಾನು ಗಡಿಯಾರ ನೋಡಿದೆ.
ನಾನು ನೋಡಿದ್ದನ್ನು ಅಮ್ಮ ನೋಡಿದಳು.
"ಇನ್ನೂ ಬೆಂದಿಲ್ಲ" ಅಂದಳು.
ಕಾದೆ.
ಉಪ್ಪುಮೀನಿನ ಜೊತೆ ತಿಂದೆವು, ಬೆರಳು ಸುಟ್ಟುಕೊಂಡು.
ಕೆಳಗೆ ಮೂರು ಸಲ ಸೀಟಿ ಊದಿತು.
ಅಮ್ಮ ಇನ್ನೊಂದು ತುಂಡು ಬಡಿಸಿದಳು.

ನನ್ನ ಪಾಸ್‌ಪೋರ್ಟನ್ನು ಲಕೋಟೆಯಲ್ಲಿಟ್ಟು
ಬಂದರಿನ ಏಜೆಂಟನ ಕೈಗೆ ಕೊಟ್ಟು ಹೋಗಿದ್ದರು.
ಪಶ್ಚಾತ್ತಾಪವೇ?
ಕೊನೆಯ ತಿಂಗಳ ಸಂಬಳ ಹೋಯಿತು,
ಅದು ಈಗಲೂ ಚುಚ್ಚುತ್ತದೆ.

ನಿಮಗೋಸ್ಕರ ಇಲ್ಲಿ ಯಾರೂ ಏನನ್ನೂ ಸುಡುತ್ತಿಲ್ಲ.
ಏಳಿ ಮತ್ತೆ.
ಹತ್ತಲು ಇನ್ನು ಹನ್ನೆರಡು ನಿಮಿಷ, ಹಡಗಿನ ಗಂಟೆಯಲ್ಲಿ.
ನನ್ನ ಕೈಯಲ್ಲಿರುವುದು ಅದೇ ಗಡಿಯಾರ,
ಬೆಳಿಗ್ಗೆ ಯಾವ ಹಡಗು ಬಂದರೂ ಅದಕ್ಕೇ ತಿರುಗಿಸಿಡುತ್ತೇನೆ.
ಓಡಬೇಡಿ. ಓಡುವವರಿಗೆ ಮೇಲಿಂದ ಚಪ್ಪಾಳೆ ತಟ್ಟಿ ನಗುತ್ತಾರೆ,
ಬಿರಬಿರನೆ ನಡೆಯಿರಿ.

ಕೋಕೋ ಚಹಾಕ್ಕೆ ಎರಡು ಡಾಲರ್.
ಲೋಟ ಇಲ್ಲೇ ಬಿಡಿ.