ತ್ಯಾಂಪಣ್ಣ ರಸ್ತೆಯ ಫಲಕ

ಪಂಚಾಯತಿನವರು ಕೊಟ್ಟ ಚೀಟಿಯಲ್ಲಿ
ನಿನ್ನ ಹೆಸರು ಈ ಸಲವೂ ತಪ್ಪಾಗಿದೆ, ಮಾರಾಯ.
ಮಲಯಾಳದಲ್ಲಿ ತ್ಯಾಂಬಣ್ಣ,
ಕನ್ನಡದಲ್ಲಿ ತಂಪಣ್ಣ,
ಸೋಡಾ ಸರ್ಬತ್ತಿನ ಅಂಗಡಿಗೆ ಇಟ್ಟ ಹಾಗೆ.
ಮಡಚಿ ಕಿಸೆಗೆ ಹಾಕಿದೆ.
ಐದನೇ ಕ್ಲಾಸಿನಲ್ಲಿ ನನ್ನ ಸ್ಲೇಟು ಇಣುಕಿ
ನಿನ್ನದೇ ಹೆಸರಿನ ಣಕ್ಕೆ ಒತ್ತು ಕೊಡುತ್ತಿದ್ದವ ನೀನು;
ನನಗೆ ಬೇಕೆ ಇವರ ಚೀಟಿ?

ಇದು ಮೂರನೇ ಸಲ ಬರೆಯುವುದು.
ಮೊದಲನೆಯದು ಮರದ ಹಲಗೆ, ಗೆದ್ದಲಿಗಾಯಿತು.
ಎರಡನೆಯದು ತಗಡು. ಉಪ್ಪುಗಾಳಿ
ಮೊದಲು ನಿನ್ನ ರ್‍ಯಾಂಕು ತಿಂದಿತು, ಆಮೇಲೆ ವೀರಚಕ್ರ,
ಉಳಿದದ್ದು 'ಪಣ್ಣ ರಸ್ತೆ'.
ಬಸ್ಸಿನ ಹುಡುಗರು ಈಗಲೂ ಹಾಗೆಯೇ ಕೂಗುತ್ತಾರೆ.
ಈ ಸಲ ಸಿಮೆಂಟು.

ಕುಂಬಳೆಯಲ್ಲಿ ಕೈಯಲ್ಲಿ ಬೋರ್ಡು ಬರೆಯುವವ
ಇನ್ನು ನಾನೊಬ್ಬನೇ, ಆ ಕೈಯೂ ನಡುಗುತ್ತದೆ.
ಮಗಳ ಮಗ ಏಣಿ ಹಿಡಿದು ನಿಂತು ಕೇಳುತ್ತಾನೆ,
"ಉಪ್ಪಾಪ, ಇವರು ಯಾರು?"

ಯಾರೆಂದು ಹೇಳಲಿ?
ಆರಿಕ್ಕಾಡಿ ಕಡಪುರದಲ್ಲಿ ಬಂಗುಡೆ ಒಣಗಲು ಹಾಕಿ
ಮೊಗವೀರ ಹೆಂಗಸರು ನಮಗೆ ಕಾಲಾಣೆ ಕೊಡುತ್ತಿದ್ದರು
ಗಿಡುಗನನ್ನು ಓಡಿಸಲು.
ನಾನು ಕಲ್ಲೆಸೆಯುತ್ತಿದ್ದೆ.
ನೀನು ಕಲ್ಲು ಕೈಯಲ್ಲೇ ಹಿಡಿದು ನೋಡುತ್ತಿದ್ದೆ,
ಎಲ್ಲಿ ರೆಕ್ಕೆ ಮಡಚುತ್ತದೆ, ಯಾವಾಗ ಬಾಲ ತಿರುಚುತ್ತದೆ,
ಮರಳಿಗೆ ಇನ್ನೊಂದೇ ಮೊಳ ಎನ್ನುವಾಗ
ಹೇಗೆ ಥಟ್ಟನೆ ಏಳುತ್ತದೆ.
ನಿನ್ನ ಕಾವಲಿನ ಬಂಗುಡೆಯೆಲ್ಲ ಹಾಗೆಯೇ ಹೋಯಿತು.
ನನ್ನ ಕಾಲಾಣೆಯಲ್ಲೇ ನಿನಗೂ ಕಡಲೆ.

ಆಮೇಲೆ ನೀಲಿ ಯೂನಿಫಾರ್ಮು, ಮೀಸೆ.
ಅಲ್ಲಿಯವರು ನಿನ್ನನ್ನು ಟ್ಯಾಂಪಿ ಎನ್ನುತ್ತಿದ್ದರಂತೆ.
ರಜೆಯಲ್ಲಿ ಬಂದು ನನ್ನ ಅಂಗಡಿಯ ಸ್ಟೂಲಿನಲ್ಲಿ ಕೂತು
ಟರ್ಪೆಂಟೈನಿನ ವಾಸನೆ ಮೂಗಿಗೆಳೆದು ಹೇಳಿದ್ದೆ:
"ಮೊಯ್ದು, ನಮ್ಮ ವಿಮಾನದ ವಾಸನೆಯೂ ಹೆಚ್ಚುಕಡಿಮೆ ಇದೇ."
ಆಕಾಶದ ಬಗ್ಗೆ ನನಗೆ ಗೊತ್ತಿರುವುದು ಅಷ್ಟೇ.

ಡಿಸೆಂಬರಿನ ತಂತಿ ಇಂಗ್ಲಿಷಿನಲ್ಲಿತ್ತು.
ಪದಕದ ಜೊತೆ ಬಂದ ಕಾಗದವೂ.
ಕಕ್ಕಿಲ್ಲಾಯ ಮಾಸ್ತರರು ನಿಮ್ಮ ಚಾವಡಿಯಲ್ಲಿ ಕುಳಿತು
ಒಂದೊಂದೇ ವಾಕ್ಯ ಕನ್ನಡಕ್ಕೆ ಇಳಿಸಿದರು,
ಅಲ್ಲಿಂದ ದುಗ್ಗಕ್ಕ ಅಮ್ಮನ ಕಿವಿಗೆ, ತುಳುವಿನಲ್ಲಿ.
ಮೊದಲ ಸಲ ಗುರಿ ತಪ್ಪಿತು.
ಎರಡನೇ ಸಲ ರೆಕ್ಕೆಗೆ ಪೆಟ್ಟಾಯಿತು.
ಹಿಂದಿರುಗಬಹುದಿತ್ತು. ಮೂರನೇ ಸಲ...
ಮಾಸ್ತರರು ಕನ್ನಡಕ ತೆಗೆದು ಒರೆಸಿದರು.
ನಿನ್ನ ಅಮ್ಮ ಕೇಳಿದ್ದು ಒಂದೇ:
"ಮೂಜನೇ ಸರ್ತಿ ದಾಯೆ ಪೋಯೆ?"
ಮೂರನೇ ಸಲ ಯಾಕೆ ಹೋದ?
ಕಾಗದವನ್ನು ತಿರುಗಿಸಿ ನೋಡಿದರು ಮಾಸ್ತರರು.
ಹಿಂದೆ ಖಾಲಿ.

ನಾನೂ ಅದನ್ನೇ ಕೇಳುತ್ತಿದ್ದೇನೆ, ಏಣಿಯ ಮೇಲೆ ನಿಂತು.
ಕಲ್ಲು ಬಿದ್ದ ಕಡೆಗೆ ಗಿಡುಗ ಮತ್ತೆ ಇಳಿಯುವುದಿಲ್ಲ.
ನನಗಿಂತ ನಿನಗೆ ಗೊತ್ತಿತ್ತಲ್ಲ,
ಅಷ್ಟು ನೋಡಿದ್ದೆ, ಕೆಲಸ ಬಿಟ್ಟು!

ಚೀಟಿಯಲ್ಲಿ ಎರಡು ತಾರೀಕುಗಳಿವೆ.
ಎರಡನೆಯದನ್ನು ಇದುವರೆಗೆ ಬರೆದಿಲ್ಲ.
ಆವತ್ತು ಮರದ ಹಲಗೆಯ ಬುಡಕ್ಕೆ
ಕೊಡೆ ಹಿಡಿದು ನಿನ್ನ ಅಮ್ಮ ಬಂದಿದ್ದರು.
"ದೇಹ ಬರಲಿಲ್ಲ ಮೊಯ್ದು. ಗೆರೆ ಎಳೆ,
ಆಚೆ ಏನೂ ಬರೆಯಬೇಡ."
ಎಳೆದೆ. ತಗಡಿನಲ್ಲೂ ಅಷ್ಟೇ.
ಈಗ ಅವರಿಲ್ಲ. ದುಗ್ಗಕ್ಕನೂ ಇಲ್ಲ.
ಪದಕ ಬೊಂಬಾಯಿಯಲ್ಲೋ ಎಲ್ಲೋ
ಯಾರದೋ ಕಪಾಟಿನಲ್ಲಿ, ನುಸಿಗುಳಿಗೆಯ ಜೊತೆ.
ಹಠ ಹಿಡಿಯುವವರು ಯಾರೂ ಉಳಿದಿಲ್ಲ.

ಹೆಸರು ಬರೆದೆ, ಎರಡೂ ಲಿಪಿಯಲ್ಲಿ, ಸರಿಯಾಗಿ.
ಹುಟ್ಟಿದ ತಾರೀಕು ಬರೆದೆ.
ಗೆರೆ ಎಳೆದೆ.
ಬ್ರಷ್ಷಿನಲ್ಲಿ ಇನ್ನೂ ಬಣ್ಣ ಇತ್ತು.
"ಉಪ್ಪಾಪ, ಒಂದು ಬಾಕಿ ಉಂಟು," ಕೆಳಗಿನಿಂದ ಹುಡುಗ.
"ಒಣಗಲಿ," ಎಂದು ಇಳಿದೆ.

ಅಸರ್ ಬಾಂಕು ಕೇಳುತ್ತಿದೆ. ಬ್ರಷ್ಷು ತೊಳೆಯಬೇಕು.
ನಾಳೆ ಪಂಚಾಯತಿನವರು ಬಂದು ಕೇಳಿದರೆ
ಮರೆತೆ ಎನ್ನುತ್ತೇನೆ.
ಈ ಪ್ರಾಯದಲ್ಲಿ
ಎಲ್ಲರೂ ಮರುಮಾತಿಲ್ಲದೆ ನಂಬುವ ಸುಳ್ಳು
ಅದೊಂದೇ.