ಗೊರಬಲು

ಜಾಹೀರಾತಿನಲ್ಲಿ ಎರಡೇ ಹುದ್ದೆ, ಎರಡೂ ತಾತ್ಕಾಲಿಕ.
ಕ್ಯಾನ್ಸರ್ ಕೋಶಗಳ ಚಿತ್ರಣ, ಬಯೋಎಂಜಿನಿಯರಿಂಗ್ ವಿಭಾಗ,
ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಅನುಭವವಿದ್ದವರಿಗೆ ಆದ್ಯತೆ.
ನನಗಿರಲಿಲ್ಲ. ಆ ಯಂತ್ರವನ್ನು
ಎಂ.ಎಸ್ಸಿ. ನೋಟ್ಸಿನ ನೂರಾ ಹನ್ನೊಂದನೇ ಪುಟದಲ್ಲಿ ನೋಡಿದ್ದೆ,
ಅದೂ ಜೆರಾಕ್ಸು, ಬರೀ ಮಸಿ.

ಅಶೋಕ ಸರ್ಕಲ್ಲಿನಲ್ಲಿ ಬಸ್ಸು ಹತ್ತಿದಾಗ
ಅವ್ವನ ಸೆರಗಿನ ಚೊಗರಿನ ವಾಸನೆ
ನನ್ನ ಫೈಲಿಗೂ ಹತ್ತಿತ್ತು.

ಹೊರಗೆ ಏಳು ಕುರ್ಚಿ, ಒಂಬತ್ತು ಜನ.
ಮಣಿಪಾಲದವಳೊಬ್ಬಳು, ಮೈಸೂರಿನವರಿಬ್ಬರು,
ಅವರ ಬಾಯಲ್ಲಿ ಯಂತ್ರಗಳ ಹೆಸರು
ನೆಂಟರ ಹೆಸರಿನಷ್ಟು ಸಲೀಸು.

"ನೇತ್ರಾವತಿ ಹಾಲೇಶಪ್ಪ."

ಒಳಗೆ ಏನೂ ಕೇಳಲಿಲ್ಲ. ಗಾಜಿನ ಪಟ್ಟಿಯೊಂದನ್ನು ಇಟ್ಟರು,
"ನೋಡಿ ಹೇಳಿ."
ಅಂಚಿನ ಚೀಟಿಯಲ್ಲಿ ಹೆಸರಿಲ್ಲ:
ಹೆಂಗಸು, ಐವತ್ತೆರಡು, ಎಡಗೆನ್ನೆ.

ಕಣ್ಣಿಟ್ಟೆ. ಮೊದಲು ಬರೀ ಮಂಜು, ಮತ್ತೆ ನನ್ನದೇ ರೆಪ್ಪೆ.
ತಿರುಪು ಅರ್ಧ ಸುತ್ತು ಮುಂದಕ್ಕೆ,
ಕೂದಲೆಳೆಯಷ್ಟು ಹಿಂದಕ್ಕೆ.
ಗುಲಾಬಿ ಬಂತು, ನೇರಳೆ ಬಂತು,
ಕತ್ತರಿಯಿಂದ ಈಗಷ್ಟೇ ಬಿದ್ದ ಹೋಳಿನ ಮೈಯ ಹಾಗೆ
ಬಳ್ಳಿ ಬಳ್ಳಿ ಗೆರೆ.
"ಅಡಿಕೆ" ಅಂದೆ, ಬಾಯಿ ತಪ್ಪಿ.

ಮೂವರಲ್ಲಿ ಇಬ್ಬರು ನಕ್ಕರು.
ಡಾಕ್ಟರ್ ಫಿಲೋಮಿನಾ ಪೆನ್ನು ಕೆಳಗಿಟ್ಟು
"ಮುಂದುವರಿಸಿ" ಎಂದರು.

ಹೇಗೆ ಮುಂದುವರಿಸಲಿ?
ಎಂಟನೇ ಕ್ಲಾಸಿನಿಂದ ಪ್ರತಿ ರಜೆಯಲ್ಲೂ ಮಂಡಿಯ ಶೆಡ್ಡಿನಲ್ಲಿ
ಅವ್ವನ ಪಕ್ಕ ಗೋಣಿತಾಟಿನ ಮೇಲೆ ಕೂತವಳು ನಾನು.
ಸರಕು, ಬೆಟ್ಟೆ, ರಾಶಿ, ಗೊರಬಲು.
ಕೈಗಿಂತ ಮುಂಚೆ ಕಣ್ಣು ಎತ್ತಬೇಕು.
ಚೊಗರು ಎಲ್ಲಕ್ಕೂ ಒಂದೇ ಕೆಂಪು ಬಳಿದಿರುತ್ತದೆ,
ಬೆಳಕಿಗೆ ಓರೆ ಹಿಡಿದರೆ ಮಾತ್ರ
ಒಳಗಿನ ಮೋಸ ಒಪ್ಪಿಕೊಳ್ಳುತ್ತದೆ.
ಹದಿನಾಲ್ಕು ಹೆಂಗಸರು. ಎಲ್ಲರ ಎಡಗೆನ್ನೆಯೂ ಉಬ್ಬು.
ಆರಿಸುವವರಿಗೆ ಗೊರಬಲು ಪುಕ್ಕಟೆ.

ಇದನ್ನೆಲ್ಲ ಹೇಳಲಿಲ್ಲ. ಹೇಳಿದ್ದು ಇಷ್ಟು:
"ಇಲ್ಲಿವರೆಗೆ ಸಾಲು ಸರಿಯಾಗಿದೆ ಮೇಡಂ,
ತಳದಲ್ಲಿ ಒಂದು ಗೆರೆ, ಹಿತ್ತಿಲಿಗೆ ಬೇಲಿ ಇದ್ದ ಹಾಗೆ.
ಇಲ್ಲಿ ಬೇಲಿ ಮುರಿದಿದೆ. ಮೇಲಿದ್ದವು ಕೆಳಗಿಳಿದಿವೆ.
ಇಳಿದಲ್ಲೇ ಗುಂಪು ಕಟ್ಟಿ, ಸುತ್ತಿ ಸುತ್ತಿ, ಮುತ್ತಾಗಿವೆ."

ಅದಕ್ಕೆ ಮುತ್ತೆಂದೇ ಹೆಸರು, ಪುಸ್ತಕದಲ್ಲೂ.
ಮುತ್ತು ಕಂಡರೆ ಅಷ್ಟೊಂದು ಕೆಟ್ಟದ್ದಲ್ಲ ಎನ್ನುತ್ತಾರೆ;
ಕಾಯಿಲೆಗೂ ದರ್ಜೆಯಿದೆ, ಒಂದು, ಎರಡು, ಮೂರು,
ಹರಾಜು ಕೂಗುವವರೊಬ್ಬರಿಲ್ಲ, ಅಷ್ಟೆ.

"ಅನುಭವ ಎಷ್ಟು ವರ್ಷ?"
ಯಾವುದರಲ್ಲಿ ಎಂದು ಕೇಳಬೇಕಿತ್ತು.
"ಒಂಬತ್ತು" ಅಂದುಬಿಟ್ಟೆ.

ಪಟ್ಟಿಯಲ್ಲಿ ಮೂರನೆಯವಳಾದೆ, ಕಾಯುವ ಸಾಲಿನಲ್ಲಿ.
ಮಣಿಪಾಲದವಳಿಗೆ ಬೇರೆಲ್ಲೋ ಸಿಕ್ಕಿತಂತೆ,
ಇಪ್ಪತ್ತೆರಡನೇ ದಿನ ಫೋನು ಬಂತು.

ಈಗ ಕತ್ತಲೆ ಕೋಣೆ. ಪರದೆಯ ಮೇಲೆ ಹಸಿರಾಗಿ ಹೊಳೆಯುವ ಕೋಶ,
ಒಂದೊಂದಕ್ಕೂ ಮೌಸಿನಿಂದ ಸುತ್ತ ಗೆರೆ ಎಳೆಯುತ್ತೇನೆ,
ಕಂಪ್ಯೂಟರಿಗೆ ಆರಿಸಲು ಕಲಿಸಬೇಕಂತೆ.
ದಿನಕ್ಕೆ ಆರುನೂರು. ಸಂಜೆಯಾಗುವಷ್ಟರಲ್ಲಿ
ನನ್ನ ಕುತ್ತಿಗೆ ಅವ್ವನದಾಗಿರುತ್ತದೆ.

ಆ ಎಡಗೆನ್ನೆ ಯಾರದೆಂದು ಕೇಳುವ ಹಾಗಿಲ್ಲ, ನಿಯಮ.
ಕೇಳಿಲ್ಲ.
ಶೆಡ್ಡಿನಲ್ಲಿ ಜೈಬುನ್ನಿಸಾ ಕೂರುತ್ತಿದ್ದ ಜಾಗ
ಹೋದ ದೀಪಾವಳಿಯಿಂದ ಖಾಲಿ,
ತಾಟನ್ನು ಮಾತ್ರ ಇನ್ನೂ ಯಾರೂ ಮಡಚಿಲ್ಲ.

ಮೊದಲ ಸಂಬಳದ ರಾತ್ರಿ ಅವ್ವ ಕೇಳಿದಳು,
"ಅದೇನು ಕೆಲಸವೇ ನಿಂದು?"
"ಆರಿಸೋದು."
"ಮೂಟೆಗೆಷ್ಟು ಕೊಡ್ತಾರೆ?"

ಹೇಳಿದೆ. ಬಿದ್ದು ಬಿದ್ದು ನಕ್ಕಳು,
ಟ್ಯೂಬ್‌ಲೈಟಿನ ಕೆಳಗೆ ಬಾಯಿ ಅಗಲವಾಗಿ ತೆರೆದು,
ನಾನು ಹತ್ತಿರ ಬಗ್ಗಿದ್ದು ಕಂಡು
ನಗು ಅರ್ಧಕ್ಕೆ ನಿಂತಿತು.

"ಏನೇ ಹಂಗೆ ನೋಡ್ತೀಯ?"
"ಬಾಯಿ ಮುಚ್ಚಬೇಡ. ಸ್ವಲ್ಪ ತಿರುಗು,
ಬೆಳಕಿಗೆ."